ಹಳೆಯದಾದ ಕೆಮಿಸ್ಟ್ರಿ

ಸೆಲ್ಲಿ ಓಕ್, ಬರ್ಮಿಂಗ್‌ಹ್ಯಾಂ
ಫೆಬ್ರವರಿ 9, ಸೋಮವಾರ

ನನ್ನ ಯಾಮಿನಿ ಅಕ್ಕಾ,

ಮೆಡಿಕಲ್ ಸೀಟು ಸಿಕ್ಕಿತು ಕಣೇ, ಸಿಕ್ಕೇಬಿಟ್ಟಿತು! ಯಶಸ್ ನನ್ನನ್ನು ಎತ್ತಿಕೊಂಡು ಅಡುಗೆಮನೆಯೆಲ್ಲಾ ಸುತ್ತಿದ. ಮದುವೆಯಾಗಿ ಎಂಟೇ ವಾರ, ಆಗಲೇ "ಡಾಕ್ಟರ್ ಮೇಡಂ, ಇನ್ಮೇಲೆ ಟೀ ನಾನೇ ಮಾಡ್ಬೇಕಾ?" ಎಂದು ಗೋಳುಹೊಯ್ದುಕೊಳ್ಳುತ್ತಾನೆ.

ಮೊದಲು ನಿನಗೇ ಫೋನ್ ಮಾಡಬೇಕಿತ್ತು. ಆಫರ್ ಪತ್ರವನ್ನು ಮೂರನೇ ಸಲ ಓದುವಾಗ ಕೆಳಗಿನ ಸಾಲೊಂದು ಕಣ್ಣಿಗೆ ಬಿತ್ತು: ಶಾಲೆಯ ಕೊನೆಯ ಪರೀಕ್ಷೆಯಾದ ಎ-ಲೆವೆಲ್‌ನ ಕೆಮಿಸ್ಟ್ರಿ ಅಂಕಗಳು ಐದು ವರ್ಷಕ್ಕಿಂತ ಹಳೆಯವಾದರೆ ಪರಿಗಣಿಸುವುದಿಲ್ಲ. ನನ್ನದಕ್ಕೆ ನಾಲ್ಕು. ನಿನ್ನದಕ್ಕೆ ಏಳು. ಅದೇ ಕಾಲೇಜಿಗೆ ನೀನೂ ಅರ್ಜಿ ಹಾಕಿದ್ದೆಯಲ್ಲ! ನಿನ್ನ ಜೊತೆ ಫಾರ್ಮಸಿಯಲ್ಲಿ ಕೆಲಸ ಮಾಡುವ ಸಂಯುಕ್ತಾಳನ್ನು ಕೇಳಿದೆ. "ಆಗಲ್ಲ ಅಂತ ನಿನ್ನ ಮೆಹಂದಿ ದಿನಾನೇ ಇಮೇಲ್ ಬಂದಿತ್ತು. ನಿಂಗೆ ಹೇಳ್ಬೇಡ ಅಂದಿದ್ಲು," ಎಂದಳು.

ಆ ದಿನ ನನ್ನ ಕೈಗೆ ಮೆಹಂದಿ ಹಾಕಿದವಳು ನೀನು. ಒಂದು ಗೆರೆಯೂ ನಡುಗಲಿಲ್ಲ. ಅಲ್ಲಾಡುತ್ತಿದ್ದವಳು ನಾನು. "ಸುಮ್ನೆ ಕೂತ್ಕೋ ಕೋತಿ" ಎಂದು ಗದರಿದೆ.

ನಿನ್ನ ಫಲಿತಾಂಶ ಬಂದಾಗ ಅಮ್ಮ ಅಂಕಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸಿ ದೇವರ ಪಟದ ಹಿಂದೆ ಇಟ್ಟಳು. ಹದಿನೈದೇ ದಿನಕ್ಕೆ ಪಾರ್ಶ್ವವಾಯು ಹೊಡೆದು ಅವಳ ಬಲಗೈ ಬಿದ್ದುಹೋಯಿತು. ಅಪ್ಪ ಇಲ್ಲದ ಮನೆ, ನಾನಿನ್ನೂ ಶಾಲೆಯವಳು. ನೀನು ಸಿಕ್ಕಿದ್ದ ಮೆಡಿಕಲ್ ಸೀಟನ್ನು ಬಿಟ್ಟೆ. ನಾನು ಅತ್ತರೆ ನಕ್ಕುಬಿಟ್ಟೆ: "ಮಾರ್ಕ್ಸ್ ಎಲ್ಲಿಗೆ ಹೋಗತ್ತೆ? ಹಳಸೋಕೆ ಅದೇನು ಅನ್ನಾನಾ?"

ಆಮೇಲೆ ಅಮ್ಮನ ಹಾಸಿಗೆಯ ತುದಿಯಲ್ಲೇ ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದೆ. ಅಮ್ಮನಿಗೊಂದು ಚಮಚ ಗಂಜಿ, ನನಗೊಂದು ಈಕ್ವೇಶನ್. ನನಗೆ ಬಂದ ಎ-ಸ್ಟಾರ್ ಗ್ರೇಡ್ ನಿನ್ನದೇ ಅಕ್ಕಾ. "ನನ್ನ ಪರೀಕ್ಷೆ ಮುಗೀಲಿ, ಅಮ್ಮನ್ನ ನಾನು ನೋಡ್ಕೋತೀನಿ, ನೀನು ಓದೋಕೆ ಹೋಗು" ಎಂದು ಮಾತು ಕೊಟ್ಟಿದ್ದೆ. ಆದರೆ ಬರ್ಮಿಂಗ್‌ಹ್ಯಾಂ ಕರೆಯಿತು, ಡಿಗ್ರಿ, ಗೆಳತಿಯರು, ಯಶಸ್... ನೀನೇ ಕುಕ್ಕರ್ ಕಟ್ಟಿಕೊಟ್ಟು ಕಳಿಸಿದೆ. ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಆಗ ನಾನು ಲೀಡ್ಸ್‌ನ ನಮ್ಮ ಮನೆಯಲ್ಲೇ ಉಳಿದಿದ್ದರೆ ನಿನ್ನ ಅಂಕಗಳಿಗೆ ಇನ್ನೂ ಎರಡು ವರ್ಷ ಬೆಲೆಯಿತ್ತು. ಮೂರು ದಿನದಿಂದ ಇದೊಂದೇ ಲೆಕ್ಕ ತಲೆಯಲ್ಲಿ.

ಕ್ಷಮಿಸು ಎನ್ನಲು ಮುಖವಿಲ್ಲ. ಕೆಮಿಸ್ಟ್ರಿಯನ್ನು ಮತ್ತೆ ಬರೆದರೆ ಆ ಅಂಕ ನಡೆಯುತ್ತದೆಯಂತೆ. ಜೂನ್ ಪರೀಕ್ಷೆಗೆ ಹೊರಗಿನ ಅಭ್ಯರ್ಥಿಯಾಗಿ ಹೆಸರು ಕೊಡಲು ಈ ತಿಂಗಳ ಕೊನೆಯವರೆಗೆ ಸಮಯವಿದೆ. ನನ್ನ ತರಗತಿ ಸೆಪ್ಟೆಂಬರಿಗೆ. ಅಲ್ಲಿಯವರೆಗೆ ಅಮ್ಮನ ಸ್ನಾನ, ಗಂಜಿ, ಮಾತ್ರೆ, ಎಲ್ಲದರ ಪಾಳಿ ನನ್ನದು. ಯಶಸ್ "ಫಸ್ಟ್ ವ್ಯಾಲೆಂಟೈನ್ಸ್ ಡೇನೇ ತವರುಮನೆಗಾ?" ಎಂದವನು ತಾನೇ ಟಿಕೆಟ್ ತೆಗೆದುಕೊಟ್ಟ.

ಹದಿನೆಂಟರ ಮಕ್ಕಳ ನಡುವೆ ಮತ್ತೆ ಕೂರಲಾರೆ ಎಂದು ನೀನು ಹೇಳಬಹುದು. ಹೇಳಿದರೆ ವಾದಿಸುವುದಿಲ್ಲ. ಆದರೂ ಬರುತ್ತೇನೆ. ನಿನ್ನ ಕೈಬರಹದ ಆ ಕೆಮಿಸ್ಟ್ರಿ ನೋಟ್ಸ್, ಗಂಜಿಯ ಕಲೆಗಳ ಸಮೇತ, ಆಗಲೇ ಬ್ಯಾಗಿನಲ್ಲಿವೆ.

ಚಿಕ್ಕವಳು ಹರಸಬಾರದೇನೋ. ಆದರೂ, ಈ ಜೂನ್ ನಿನ್ನದಾಗಲಿ ಅಕ್ಕಾ. ಸ್ಟೇಷನ್ನಿಗೆ ಬರಬೇಡ, ಅಮ್ಮ ಒಬ್ಬಳೇ ಆಗುತ್ತಾಳೆ. ಬಾಗಿಲು ಮಾತ್ರ ತೆರೆ. ಶನಿವಾರ, ಹದಿನಾಲ್ಕನೇ ತಾರೀಖು, ಇಲ್ಲಿನ ನ್ಯೂ ಸ್ಟ್ರೀಟ್ ಸ್ಟೇಷನ್ನಿನಿಂದ ಬೆಳಿಗ್ಗೆ ಒಂಬತ್ತು ಮೂರರ ಲೀಡ್ಸ್ ಟ್ರೈನು.

ನಿನ್ನ ಕೋತಿ,
ಗಾನವಿ