ರಾಣಿಯ ಕಿಟಕಿ, ನಮ್ಮ ಕಿಟಕಿ

ಕಳಲೆ
14 ಜೂನ್ 2025

ನನ್ನ ಮುದ್ದು ಇಂದ್ರಾಣಿ,

ಮದುವೆಯಾಗಿ ಇವತ್ತಿಗೆ ಇಪ್ಪತ್ತು ದಿನ! ಕೈಯ ಮೆಹಂದಿ ಮಾಸಿದೆ, ನನ್ನ ಸಂಭ್ರಮ ಮಾಸಿಲ್ಲ. ಹೇಮಂತ್ ಬೈಕಿನ ಹಿಂದೆ ಕೂತು ಹಾಲಿನ ಡೈರಿಗೆ ಹೋಗುವುದೂ ನನಗೆ ಹನಿಮೂನೇ ಕಣೇ! ಕಾನ್ವೆಂಟ್ ಹುಡುಗಿಯ ಕನ್ನಡ ಅಕ್ಷರ ನೋಡಿ ನಗಬೇಡ. ನೀನು ನನ್ನ ನಂಬರ್ ಬ್ಲಾಕ್ ಮಾಡಿದ ಮೇಲೆ ಉಳಿದದ್ದು ಕಾಗದ ಒಂದೇ.

ಮೊನ್ನೆ ನಮ್ಮ ಗುಂಪಿನ ಚಾಟ್ ಆಟದಲ್ಲಿ ನನ್ನ ಪಾತ್ರ ರಾಣಿಯ ಆಜ್ಞೆಯನ್ನು ಜೋರಾಗಿ ಹೇಳಿಕೊಳ್ಳುತ್ತ ಟೈಪ್ ಮಾಡುತ್ತಿದ್ದೆ: ಕೋಟೆಗೆ ಬೆಂಕಿ ಇಡಿ, ಒಬ್ಬರನ್ನೂ ಬಿಡಬೇಡಿ! ತಲೆ ಎತ್ತಿದರೆ ಬಾಗಿಲಲ್ಲಿ ಕಾಫಿ ಹಿಡಿದ ಅತ್ತೆ ಸಣ್ಣತಾಯಮ್ಮ. "ಅಯ್ಯೋ, ಯಾರ್ ಮನೆಗವ್ವಾ ಬೆಂಕಿ?" ಅಂದರು. ಫೋನ್ ತೋರಿಸಿ ವಿವರಿಸಿದೆ. ಚಾಟಿಗೆ ಎರಡು ಕಿಟಕಿ, ಒಂದರಲ್ಲಿ ಪಾತ್ರಗಳು ಮಾತಾಡುತ್ತವೆ, ಇನ್ನೊಂದರಲ್ಲಿ ಆಡುವ ನಾವು. ಪಾತ್ರ ಬೈದರೆ ಆಡುವವರು ಬೇಜಾರು ಮಾಡಿಕೊಳ್ಳಬಾರದು, ಅದೇ ನಿಯಮ. ಅತ್ತೆ ಯೋಚಿಸಿ, "ಅಂಗಾರೆ ನಂಗೂ ಎರಡು ಕಿಟ್ಕಿ. ನೆಂಟ್ರ ಮುಂದೆ ಬೈದ್ರೆ ಅದು ಅತ್ತೆ, ಬೇಜಾರ್ ಮಾಡ್ಕೋಬ್ಯಾಡ. ಒಲೆ ಮುಂದೆ ಬೈದ್ರೆ ಅದು ನಾನೇ ಕಣವ್ವ, ಉಸಾರು" ಅಂದರು. ನಕ್ಕು ನಕ್ಕು ಕಾಫಿ ಚೆಲ್ಲಿದೆ! ಆಮೇಲೆ ನಿನ್ನ ನೆನಪಾಯಿತು.

ಆಟದಲ್ಲಿ ನಮ್ಮ ರಾಜ್ಯದ ಅಂಬಿಗಿತ್ತಿ ನೀನು. ಏಪ್ರಿಲ್‌ನಲ್ಲಿ ರಾಣಿ ನಿನಗೆ, "ನೀನಿಲ್ಲದೆಯೂ ಈ ದೋಣಿ ದಡ ಸೇರುತ್ತದೆ, ಇಳಿದು ಹೋಗು" ಅಂದಳು. ಆಟದ ಕಿಟಕಿಯಲ್ಲೇ ಅಂದಳು! ನೀನು ಅಂದೇ ಗುಂಪು ಬಿಟ್ಟೆ, ಮದುವೆಗೂ ಬರಲಿಲ್ಲ. ನಾಲ್ಕು ವರ್ಷ ಜೊತೆಗೆ ಆಡಿದವಳಿಗೆ ರಾಣಿ ಯಾರು, ಮಾನಸ ಯಾರು ಅಂತ ಗೊತ್ತಾಗಲಿಲ್ಲವೇನೇ? ಫೋಟೋದಲ್ಲಿ ನನ್ನ ಎಡಗಡೆ ನಿನಗೆ ಅಂತ ಜಾಗ ಬಿಟ್ಟು ನಿಂತಿದ್ದೆ. ಯಾರೋ ದೊಡ್ಡಮ್ಮ ಬಂದು ತುಂಬಿದರು.

22ರ ಭಾನುವಾರ ನಾನೇ ತಿ. ನರಸೀಪುರಕ್ಕೆ ಬರುತ್ತೇನೆ. ನಿಮ್ಮ ಮನೆ ಹತ್ತಿರ, ಸಂಗಮದ ಮೆಟ್ಟಿಲ ಮೇಲೆ ಹನ್ನೊಂದು ಗಂಟೆಗೆ ಕೂತಿರುತ್ತೇನೆ. ನೀನು ಬಂದೇ ಬರುತ್ತೀಯ, ಗ್ಯಾರಂಟಿ!

ನಿನ್ನ ಪೆದ್ದು,
ಮಾನಸ

ತಾ.ಕ.: ಲಕೋಟೆ ಅಂಟಿಸುವ ಮೊದಲು ಓದಿದೆ. ಇದರಲ್ಲೊಂದು ಸುಳ್ಳಿದೆ. ಅವತ್ತು ನೀನು ನಮ್ಮ ಕಿಟಕಿಯಲ್ಲಿ, ಬಿ.ಎಡ್. ಮುಗಿಸಿ ಮದುವೆಯಾಗೇ ಅಂದಿದ್ದೆ. ನನಗೆ ಉರಿಯಿತು. ಇಳಿದು ಹೋಗು ಅನ್ನುವುದನ್ನು ಮೊದಲು ಅಲ್ಲೇ ಟೈಪ್ ಮಾಡಿದ್ದೆ. ಕಳಿಸಲು ಧೈರ್ಯ ಬರಲಿಲ್ಲ. ಅಳಿಸಿ ರಾಣಿಯ ಬಾಯಿಗೆ ಹಾಕಿದೆ. ನಿನಗೆ ಸರಿಯಾಗಿಯೇ ಗೊತ್ತಾಗಿತ್ತು. ಕ್ಷಮಿಸೇ. ಈ ನಾಲ್ಕು ಸಾಲನ್ನು ಒಲೆ ಮುಂದೆ ಕೂತು ಬರೆದಿದ್ದೇನೆ.