ಅಂಕಪಟ್ಟಿಯಲ್ಲಿ ಇಲ್ಲದ ಮರಾಠಿ

ಮಾನ್ಯ ಪರೀಕ್ಷಾ ಮಂಡಳಿಯ ಅಧ್ಯಕ್ಷರೇ,

ನನ್ನ ಮಗಳು ಪೂನಂಗೆ ಮರಾಠಿ ಬರುವುದಿಲ್ಲವಂತೆ. ಹುಟ್ಟಿದಂದಿನಿಂದ ತಾಯಿಯ ಜೊತೆ ಆಡಿದ ಮಾತು ನೀವು ಕೊಟ್ಟ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇಲ್ಲ; ಆದ್ದರಿಂದ ಅದು ಅವಳಿಗೆ ಗೊತ್ತಿಲ್ಲ. ಹುಮನಾಬಾದಿನ ಆರೋಗ್ಯ ಸಹಾಯಕಿ ತರಬೇತಿಯಲ್ಲಿ ಕನ್ನಡ, ಮರಾಠಿ ಎರಡೂ ಬಲ್ಲ ಹುಡುಗಿಯರಿಗೆ ಎರಡು ಸೀಟು ಇಟ್ಟಿದ್ದಾರೆ. ಪುರಾವೆ ಮಾತ್ರ ಅಂಕಪಟ್ಟಿಯೇ ಆಗಬೇಕು. ಶನಿವಾರ ಕೊನೆಯ ದಿನ, ಇವತ್ತು ಮಂಗಳವಾರ. ನಿಮ್ಮ ಕಚೇರಿಗೆ ಕಳಿಸಿದ ಮೂರು ಅರ್ಜಿಗಳಿಗೆ ಉತ್ತರ ಬರದ ಕಾರಣ ಊರೆಲ್ಲ ಓದಲೆಂದು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಬಸವಕಲ್ಯಾಣದಲ್ಲಿ ಶಾಲಾ ಸಮವಸ್ತ್ರ ಹೊಲಿಯುವವನು ನಾನು. ಹೆಂಡತಿ ರುಕ್ಮಿಣಿಬಾಯಿ ಗಡಿಯಾಚೆಯವಳು. ನಮ್ಮಂಥ ಮನೆಗಳಲ್ಲಿ ಮಕ್ಕಳು ನಾಲ್ಕನೇ ತರಗತಿಯವರೆಗೆ ಮರಾಠಿ ಶಾಲೆ, ಆಮೇಲೆ ಕನ್ನಡ ಶಾಲೆ. ಇದನ್ನು ನಾವು ದೊಡ್ಡ ಸಾಧನೆ ಎಂದುಕೊಂಡವರಲ್ಲ, ಬೀದಿ ದಾಟಿದಷ್ಟು ಸಹಜ. ಅಂಕಪಟ್ಟಿಯಲ್ಲಿ ಅವಳಿಗೆ ಇಂಗ್ಲಿಷಿನಲ್ಲಿ ತೊಂಬತ್ತೊಂದು ಅಂಕ. ಇಂಗ್ಲಿಷಿನಲ್ಲಿ ಅವಳು ಇದುವರೆಗೆ ಒಬ್ಬರನ್ನೂ ನೀರು ಬೇಕೇ ಎಂದು ಕೇಳಿಲ್ಲ. ಅವಳು ದಿನವೂ ಹಾಗೆ ಕೇಳುವ ಭಾಷೆಗೆ ನಿಮ್ಮಲ್ಲಿ ಒಂದು ಸಾಲಿನ ಜಾಗವೂ ಇಲ್ಲವೇ?

ಕಳೆದ ಡಿಸೆಂಬರಿನಲ್ಲಿ ಅಜ್ಜಿಯ ಕಣ್ಣು ತೋರಿಸಲು ಪೂನಂ ಹುಮನಾಬಾದಿನ ಆಸ್ಪತ್ರೆಗೆ ಹೋಗಿದ್ದಳು. ಕಬ್ಬು ಕಡಿಯಲು ಬಂದಿದ್ದ ಅಂಬುಬಾಯಿ ಎಂಬ ಮರಾಠಿ ಹೆಂಗಸು ಜ್ವರದಲ್ಲಿ ನಡುಗುತ್ತ ಅಲ್ಲೊಂದು ಮಂಚದಲ್ಲಿದ್ದಳು. ಸೂಜಿ ಹಿಡಿದು ಬಂದ ನರ್ಸಮ್ಮನ ಕೈಯನ್ನು ಆಕೆ ತಳ್ಳಿದಳು. ಹಟಮಾರಿ ಎಂದು ಎಲ್ಲರೂ ಬೈದರು. ನನ್ನ ಮಗಳು ಆಕೆಯ ಬಾಯಿಯ ಹತ್ತಿರ ಬಾಗಿ, ತಿರುಗಿ ಹೇಳಿದಳು: "ನಿಂದರ‍್ರಿ ಅಕ್ಕಾ, ಈ ಸೂಜಿ ಹಾಕಬ್ಯಾಡ್ರಿ. ಹೋದ ವರ್ಷ ಜ್ವರದಾಗ ಹಾಕಿದ ಸೂಜಿಗೆ ಮೈಯೆಲ್ಲ ಬಾತಿತ್ತಂತ, ಉಸಿರ ನಿಂತಿತ್ತಂತ ಹೇಳಾಕತ್ತಾಳ." ಡಾಕ್ಟರು ಓಡಿ ಬಂದರು, ಔಷಧಿ ಬದಲಾಯಿತು, ಹೆಂಗಸು ಬದುಕಿದಳು. ಅವತ್ತೇ ಪೂನಂ ನಿರ್ಧರಿಸಿದ್ದು, ತಾನು ಮಾಡಬೇಕಾದ ಕೆಲಸ ಇದೇ ಎಂದು.

ಅವಳಿಗೆ ಮರಾಠಿ ಚೆನ್ನಾಗಿ ಬರುತ್ತದೆಂದು ಆ ಡಾಕ್ಟರು ಬರೆದುಕೊಟ್ಟ ಪತ್ರವನ್ನು ತರಬೇತಿ ಕಚೇರಿಯ ಗುಮಾಸ್ತರು ಬೆರಳ ತುದಿಯಿಂದ ಹಿಂದೆ ಸರಿಸಿದರು. "ಇದು ನಡ್ಯಾಂಗಿಲ್ರಿ. ಮಾರ್ಕ್ಸ್‌ಕಾರ್ಡಿನ್ಯಾಗ ಎಲ್ಲದ ಮರಾಠಿ? ಹೈಸ್ಕೂಲ್ ದಾಖಲೆ ತಂದೀರಲ್ಲ, ಅದರಾಗೂ ತಾಯಿಮಾತು ಕನ್ನಡ ಅಂತ ನೀವೇ ಬರ್ದೀರಿ."

ಹೌದು ಸ್ವಾಮಿ, ನಾನೇ ಬರೆದೆ. ಹೈಸ್ಕೂಲಿಗೆ ಸೇರಿಸುವ ದಿನ ಮಗಳು ತನ್ನ ಕೈಯಾರೆ ಮರಾಠಿ ಎಂದು ತುಂಬಿದ್ದಳು. ಹೊಸ ಶಾಲೆಯಲ್ಲಿ ಹೊರಗಿನವಳು ಎನ್ನಿಸಿಕೊಂಡಾಳೆಂದು ಹೆದರಿ, ಅದನ್ನು ಹೊಡೆದುಹಾಕಿ ಕನ್ನಡ ಎಂದು ಬರೆದೆ. ಗಡಿಯ ಅಪ್ಪಂದಿರು ಮಾಡುವ ತಪ್ಪು ಇದು. ಎರಡೂ ನಮ್ಮವೇ ಎನ್ನುವ ಧೈರ್ಯ ಬರಲಿಲ್ಲ. ಆದರೆ ನಿಮ್ಮ ನಮೂನೆಯಲ್ಲಿ ಎರಡು ಭಾಷೆ ಬರೆಯಲು ಜಾಗವಿತ್ತೇ? ನಾನು ಹೆದರಿದೆ, ನೀವು ಯೋಚಿಸಲೇ ಇಲ್ಲ. ಶಿಕ್ಷೆ ಅವಳಿಗೆ ಏಕೆ?

ನಾನು ಕೇಳುವುದು ದಾನವಲ್ಲ, ಪರೀಕ್ಷೆ. ಅವಳನ್ನು ಕೂರಿಸಿ, ಮರಾಠಿಯಲ್ಲಿ ಓದಿಸಿ, ಬರೆಸಿ, ಎದುರಿಗೆ ಒಬ್ಬ ರೋಗಿಯನ್ನು ತಂದು ಮಾತಾಡಿಸಿ. ಸೋತರೆ ನಾವು ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತೇವೆ. ಗೆದ್ದರೆ ಅಂಕಪಟ್ಟಿಯಲ್ಲಿ ಒಂದು ಸಾಲು ಸೇರಿಸಿ. ಅವಳಿಗಷ್ಟೇ ಅಲ್ಲ, ಎರಡು ಭಾಷೆ ಹೊತ್ತು ನಿಮ್ಮ ಪರೀಕ್ಷೆ ಬರೆಯುವ ಇಲ್ಲಿನ ಪ್ರತಿ ಮಗುವಿಗೂ. ಅದಕ್ಕೆ ಕಾಲ ಹಿಡಿಯುವುದಾದರೆ, ಅವಳು ಗೆದ್ದಳೆಂದು ಶನಿವಾರದೊಳಗೆ ನಿಮ್ಮ ಮೊಹರಿನ ಒಂದು ಚೀಟಿಯನ್ನಾದರೂ ಕಳಿಸಿ. ಕೈಮುಗಿದು ಬೇಡುತ್ತೇನೆ, ನನಗೆ ಬೇರೆ ದಾರಿ ಕಾಣುತ್ತಿಲ್ಲ.

ಬೇಗ ಮಾಡಿ ಎನ್ನಲು ಇನ್ನೊಂದು ಕಾರಣವಿದೆ. ಇವತ್ತು ಮುಂಜಾನೆ ರೊಟ್ಟಿ ಬಡಿಯುತ್ತ ರುಕ್ಮಿಣಿಬಾಯಿ ಎಂದಿನಂತೆ ಮರಾಠಿಯಲ್ಲಿ, ಉಣ್ಣುತ್ತೀಯಾ ಎಂದು ಮಗಳನ್ನು ಕೇಳಿದಳು. ಪೂನಂ ತಲೆ ಎತ್ತದೆ ಕನ್ನಡದಲ್ಲಿ "ಬ್ಯಾಡ" ಎಂದಳು. ಹದಿನಾರು ವರ್ಷಗಳಲ್ಲಿ ಅವಳು ತಾಯಿಗೆ ಕನ್ನಡದಲ್ಲಿ ಉತ್ತರ ಕೊಟ್ಟದ್ದು ಇದೇ ಮೊದಲು.

ಇಂತಿ,
ನೀವು ಯಾವ ಭಾಷೆಯಲ್ಲಿ ಉತ್ತರಿಸಿದರೂ ತಿಳಿದುಕೊಳ್ಳುವ, ಆದರೆ ಯಾವುದರಲ್ಲೂ ಉತ್ತರ ಸಿಗದ
ಸತೀಶಕುಮಾರ, ದರ್ಜಿ, ಬಸವಕಲ್ಯಾಣ