ಲಂಬುವಿನ ಕುಂಟು

ಫೆಬ್ರವರಿ 12, ಗುರುವಾರ

ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ಲಂಬುವಿನ ಕಾಲಿನ ಮೇಲೆ ನನಗೆ ನಂಬಿಕೆಯಿಲ್ಲ. ಮಂಗಳವಾರ ಅಭ್ಯಾಸದಲ್ಲಿ ಬಿದ್ದಾಗ ಹಿಡಿದುಕೊಂಡದ್ದು ಎಡ ಮಂಡಿ. ಇವತ್ತು ಕೋಚ್ ಮುಂದೆ ಕುಂಟಿದ್ದು ಬಲಗಾಲು.

"ಶನಿವಾರದ ಫೈನಲ್‌ಗೆ ನನ್ನ ಜಾಗದಲ್ಲಿ ಇವನನ್ನ ಇಳಿಸಿ ಸರ್" ಅಂದ, ನನ್ನತ್ತ ಕೈ ತೋರಿಸಿ, ಮುಖ ಮಾತ್ರ ನೋಡದೆ.

ಇಡೀ ಸೀಸನ್ ನಾನು ಬೆಂಚಿನಲ್ಲಿ ಕೂತು ಉಳಿದವರಿಗೆ ನೀರು ಕೊಟ್ಟಿದ್ದಷ್ಟೇ. ಅವನಿಲ್ಲದೆ ಗೆಲ್ಲುವುದು ಅಷ್ಟರಲ್ಲೇ ಇದೆ. ಸೋಲನ್ನು ನನ್ನ ತಲೆಗೆ ಕಟ್ಟುವ ಹುನ್ನಾರವೋ?

ಮಲಗುವ ಹೊತ್ತಿಗೆ ಅಪ್ಪನ ಫೋನ್. "ಶನಿವಾರ ರಜಾ ಹಾಕಿದೀನಿ ಕಣೋ. ಕೊನೇ ವರ್ಷಕ್ಕಾದ್ರೂ ನೀನು ಆಡೋದನ್ನ ನೋಡ್ತೀನಿ."

"ನಾನು ಆಡ್ತೀನಿ ಅಂತ ಯಾರಪ್ಪ ಹೇಳಿದ್ದು?"

"ನಿಮ್ಮ ಲಂಬುನೇ. ಭಾನುವಾರ ಫೋನ್ ಮಾಡಿದ್ನಲ್ಲ."

ಭಾನುವಾರ! ಅವನು ಬಿದ್ದದ್ದು ಮಂಗಳವಾರ.

ಕಳ್ಳ ನನ್ಮಗ. ಯಾರು ಕೇಳಿದ್ದರು ಇವನ ಭಿಕ್ಷೆಯನ್ನು? ಬೆಳಗ್ಗೆ ಮೊದಲು ಕೋಚ್‌ಗೆ ಎಲ್ಲ ಹೇಳಿಬಿಡಬೇಕು. ಆದರೆ ಅಪ್ಪ ರಜಾ ಹಾಕಿಯಾಗಿದೆ…